ಕಿವಿಗಳ ಲೆಕ್ಕ

ಮೊಂಟಾನಾದ ಕೌಂಟಿ ಕಚೇರಿಯಲ್ಲಿ
ನನ್ನದು ಎಣಿಸುವ ಕೆಲಸ.
ಕಯೋಟಿಯ ಒಂದು ಜೊತೆ ಕಿವಿಗೆ ಎರಡೂವರೆ ಡಾಲರು,
ಒಂಟಿ ಕಿವಿಗೆ ಏನೂ ಇಲ್ಲ.
ಉಪ್ಪು ಸವರಿ, ಕಾಫಿ ಡಬ್ಬಿಗೆ ತುಂಬಿ,
ತಿಂಗಳಿಗೊಮ್ಮೆ ತರುತ್ತಿದ್ದ ಆರ್ವಿಲ್ ಟ್ವೇಟ್.
ಕೌಂಟರಿನ ಮೇಲೆ ಸುರಿದು
ಟೊಪ್ಪಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ,
ಚರ್ಚಿಗೆ ತಡವಾಗಿ ಬಂದವನ ಹಾಗೆ.

ಒಳಗೆ ನವಿರು ಬಿಳಿ ರೋಮ, ಹೊರಗೆ ಕೆಂಗಂದು.
ಒಣಗಿದರೂ ಏನನ್ನೋ ಆಲಿಸುತ್ತ
ನೆಟ್ಟಗೇ ಇರುತ್ತಿದ್ದವು.
ಪೆನ್ಸಿಲಿನ ತುದಿಯಿಂದ ಸರಿಸಿ ಎಣಿಸಿ,
ಲೆಡ್ಜರಿನಲ್ಲಿ ಬರೆದು, ಮುದ್ರೆ ಒತ್ತಿ
ಹಿತ್ತಲ ಒಲೆಗೆ ಹಾಕುತ್ತಿದ್ದೆ.
ಆ ವಾಸನೆ ಮಧ್ಯಾಹ್ನದ ಬ್ರೆಡ್ಡಿಗೂ ಹತ್ತುತ್ತಿತ್ತು.

ಹತ್ತೊಂಬತ್ತು ವರ್ಷ.
ಒಂದು ಚಳಿಗಾಲ ಬೇರೆ ಕೆಲಸವಿಲ್ಲದೆ
ಹಳೆಯ ಲೆಡ್ಜರುಗಳನ್ನೆಲ್ಲ ಇಳಿಸಿ ಕೂಡಿಸಿದೆ:
ಹೆಚ್ಚು ಕೊಂದ ವರ್ಷದ ಮರುವರ್ಷ
ಹೆಚ್ಚು ಕಿವಿ.
ತಪ್ಪಿದೆನೇನೋ ಅಂತ ಮತ್ತೆ ಕೂಡಿಸಿದೆ.
ಕಳೆದಷ್ಟೂ ಬೆಳೆಯುವ ಗಣಿತವನ್ನು
ಸಿಸ್ಟರ್ ಬೆನೆಡಿಕ್ಟಾ ನಮಗೆ ಹೇಳಿಕೊಟ್ಟಿರಲಿಲ್ಲ.

ಆರ್ವಿಲ್‌ನನ್ನು ಕೇಳಿದರೆ ನಕ್ಕ.
"ಜಾಗ ಖಾಲಿಯಾದರೆ
ನಾಲ್ಕು ಹೆರುವವಳು ಎಂಟು ಹೆರುತ್ತಾಳೆ.
ನಾನು ಕಳೆ ಕೀಳುತ್ತಿಲ್ಲ ಮಿಸ್ ಡೂಲಿ,
ಉಳುತ್ತಿದ್ದೇನೆ."
"ಮತ್ತೆ ಯಾಕೆ?"
"ಕುರಿ ಕಳಕೊಂಡವನಿಗೆ
ಯಾರೋ ಬಂದು ಹೋದರು ಅನ್ನಿಸಬೇಕಲ್ಲ."

ಅವತ್ತು ಕುರ್ಚಿ ಎಳೆದುಕೊಟ್ಟೆ. ಕೂತ. ಕೂತವನು ಏಳಲಿಲ್ಲ.

ಫೆಬ್ರವರಿಯಲ್ಲಿ ಜೋಡಿ ಕೂಡುತ್ತವಂತೆ.
ಹಿಮದ ಮೇಲೆ ಎರಡು ಸಾಲು ಹೆಜ್ಜೆ,
ಒಂದು ಇಟ್ಟಲ್ಲೇ ಇನ್ನೊಂದು ಇಟ್ಟು
ಒಂದೇ ಸಾಲಾಗುವ ತನಕ.
ಏಪ್ರಿಲಿಗೆ ಹಳೆಯ ಬ್ಯಾಡ್ಜರ್ ಬಿಲ ಅಗಲಿಸಿ ಮರಿ.
ಗಂಡು ಇಲಿ ನುಂಗಿ ಬಂದು
ಬಿಲದ ಬಾಯಲ್ಲಿ ಬೆಚ್ಚಗೆ ಕಕ್ಕುತ್ತದೆ.
ಚಿಗಟ ಹೆಚ್ಚಾದರೆ ಮನೆ ಬದಲು,
ಮರಿಗಳನ್ನು ಕುತ್ತಿಗೆ ಕಚ್ಚಿ ಒಂದೊಂದಾಗಿ, ರಾತ್ರಿಯಿಡೀ.
ಜುಲೈಯಲ್ಲಿ ಮಿಡತೆ. ಆಮೇಲೆ ಕಾಡುಪ್ಲಮ್,
ಹುಲ್ಡಾ ಕ್ರೌಸಳ ಹೊಲದ ಕಲ್ಲಂಗಡಿ, ಮಾಗಿದ್ದು ಮಾತ್ರ.
"ಅವಳ ಗಂಡನಿಗೆ ತಿಳಿಯದ್ದು ಅದಕ್ಕೆ ತಿಳಿಯುತ್ತೆ."

ಬ್ಯಾಡ್ಜರಿನ ಜೊತೆ ಬೇಟೆಗೂ ಹೋಗುವುದುಂಟು:
ಅದು ಅಗೆಯುತ್ತದೆ,
ಇದು ಬಿಲದ ಇನ್ನೊಂದು ಬಾಯಲ್ಲಿ ಕಾಯುತ್ತದೆ.
"ಹಂಚಿಕೊಳ್ಳುತ್ತವಾ?"
"ಎಲ್ಲಿಂದ! ಸಿಕ್ಕಿದವರಿಗೆ ಸಿಕ್ಕಿತು.
ಆದರೂ ನಾಳೆ ಮತ್ತೆ ಒಟ್ಟಿಗೇ ಹೊರಡುತ್ತವೆ."

ಹೊತ್ತು ಇಳಿದಿತ್ತು. ಬಾಗಿಲು ಹಾಕಿ ಮೆಟ್ಟಿಲ ಮೇಲೆ ನಿಂತಾಗ
ಬೆಟ್ಟದಿಂದ ಕೂಗು.
ನರಿ ಕೂಗು ಗಿರಿ ಮುಟ್ಟದೆಂಬ ಗಾದೆಯನ್ನು
ಈ ಗಿರಿಗಳಿಗೆ ಯಾರೂ ಹೇಳಿಲ್ಲ.
ಮುಟ್ಟಿತು, ಒಡೆಯಿತು, ಹಿಂಡಾಗಿ ಮರಳಿತು.
ಎಣಿಸುವವಳಲ್ಲವೇ, ಎಣಿಸಿದೆ: ಒಂಬತ್ತು, ಹನ್ನೊಂದು...
"ಎರಡು," ಅಂದ ಆರ್ವಿಲ್. "ಮಿಕ್ಕದ್ದು ಬಂಡೆ."

ಎರಡರಲ್ಲಿ ಒಬ್ಬಳು
ಮುಂಗಾಲಲ್ಲಿ ಎರಡು ಬೆರಳಿಲ್ಲದವಳು.
ಬೆರಳು ಅವನ ಕಬ್ಬಿಣದ ಇಕ್ಕಳದಲ್ಲೇ ಉಳಿದಿದ್ದವು.
ಅಲ್ಲಿಂದ ಒಂಬತ್ತು ವರ್ಷ
ಅವನು ಹೂತಿಟ್ಟ ಇಕ್ಕಳಗಳನ್ನು
ಮೂಸಿ, ಕೆದರಿ, ಬಯಲಿಗೆಳೆದು
ಪಕ್ಕದಲ್ಲೇ ಲದ್ದಿ ಹಾಕಿ ಹೋಗುತ್ತಿದ್ದಳು.
"ರಸೀತಿ" ಅನ್ನುತ್ತಿದ್ದ ಆರ್ವಿಲ್.

ಮಾರ್ಚಿಯಲ್ಲಿ ಬಂದ. ಡಬ್ಬಿ ಇರಲಿಲ್ಲ.
"ಸಿಕ್ಕಿದಳು. ಜೂನಿಪರ್ ಬುಡದಲ್ಲಿ ಸುರುಳಿ ಸುತ್ತಿ,
ಮೂಗಿಗೆ ಬಾಲ ಹೊದ್ದು.
ಹಲ್ಲೆಲ್ಲ ಸವೆದು ವಸಡಾಗಿತ್ತು.
ನನ್ನ ಗುಂಡಲ್ಲ, ವಿಷವೂ ಅಲ್ಲ. ವಯಸ್ಸು.
ಸುತ್ತ ಗಂಡಿನ ಹೆಜ್ಜೆ, ಹಳತರ ಮೇಲೆ ಹೊಸತು."
"ಕಿವಿ?" ಅಂದೆ, ಅಭ್ಯಾಸಬಲ.
ಅವನು ಕಿಟಕಿಯ ಕಡೆ ನೋಡಿದ.
"ಅವಳಿಗೇ ಇರಲಿ."

ಆ ತಿಂಗಳ ಸಾಲು ಖಾಲಿ ಬಿಡುವಂತಿರಲಿಲ್ಲ.
ಸೊನ್ನೆ ಬರೆದು ಮುದ್ರೆ ಒತ್ತಿದೆ.
ರಾತ್ರಿ ಬೆಟ್ಟದಲ್ಲಿ ಕೂಗಿದ್ದು ಒಂದು.
ಬಂಡೆಗಳು ಏನು ಮಾಡಿದರೂ ಒಂದೇ.

ಮೇ ತಿಂಗಳಿಗೆ ಮತ್ತೆ ಡಬ್ಬಿ ಬಂತು.
ಏಳು ಜೊತೆ. ಸಣ್ಣವು,
ಇನ್ನೂ ನೆಟ್ಟಗೆ ನಿಲ್ಲಲು ಕಲಿಯದವು.
ಹದಿನೇಳೂವರೆ ಡಾಲರು.
ಸಹಿ ಮಾಡುವಾಗ ಅವನು ನನ್ನ ಮುಖ ನೋಡಲಿಲ್ಲ,
ನಾನೂ.