ಸುಖಾಗಮನ ಬಯಸುವವರು

ಹಿಂದಿನ ಸೀಟಿನಲ್ಲಿ ತಂಗಿಯ ನಾನೂರು ಲಗ್ನಪತ್ರಿಕೆ.
ನಾಲ್ಕು ಮೂಲೆಗೂ ಅರಿಶಿನ ಹಚ್ಚಿ
ಇನ್ನೂ ತೊಳೆಯದ ಬೆರಳಲ್ಲಿ ಸ್ಟಿಯರಿಂಗ್ ಹಿಡಿದಿದ್ದೇನೆ.
ಪಕ್ಕದಲ್ಲಿ ಅಪ್ಪ, ಮಡಿಲಲ್ಲಿ ಹೆಸರುಗಳ ಪಟ್ಟಿ,
ಸೀಟ್ ಬೆಲ್ಟಿನ ಮೇಲೊಂದು ಶಾಲು.
ಯಲಹಂಕ ದಾಟುವವರೆಗೂ ಮಾತಿಲ್ಲ.
ಆಮೇಲೆ, "ಇಲ್ಲಿ ನಿಧಾನ ಮಾಡು,
ಇದು ಕೆಂಪನಂಜಯ್ಯನ ರಾಗಿಹೊಲ",
ಟೈಲ್ಸ್ ಅಂಗಡಿಯ ಮುಂದೆ.

ಅಪ್ಪನ ದಾರಿ ಹೀಗೇ.
ಪೆಟ್ರೋಲ್ ಬಂಕಿನಲ್ಲಿ ಬಲಕ್ಕೆ ಎಂದರೆ ತಿಳಿಯದು,
ಬೇವಿನ ಮರದ ಹತ್ತಿರ ಎನ್ನಬೇಕು.
ಮರ ಹೋಗಿ ಹದಿನಾರು ವರ್ಷ.
ಹೋಗಲಿ ಎಂದು ತಿರುಗಿದೆ. ಸರಿಯಾಗಿಯೇ ಇತ್ತು.

ಮೊದಲ ಪತ್ರಿಕೆ ಸೊಣ್ಣಮ್ಮತ್ತೆಗೆ.
ಮಗ್ಗದ ಸದ್ದಿಗೆ ಕಿವಿ ಕೊಟ್ಟು ಕಳಕೊಂಡವಳು.
"ಮದುವೆ ನಿಂದಾ?" ಎಂದು ಮೂರು ಸಲ ಕೇಳಿದಳು,
ತಂಗಿಯದು ಎಂದಾಗ ಮೂರು ಸಲವೂ
ನನ್ನ ಕೆನ್ನೆ ಸವರಿದಳು.

ಎರಡನೆಯದು ಪಿಳ್ಳಾಂಜಿನಪ್ಪನಿಗೆ.
ದ್ರಾಕ್ಷಿ ಚಪ್ಪರದ ಕಲ್ಲುಕಂಬ ಮಾತ್ರ ಉಳಿದ ತೋಟ,
ಕಂಬಕ್ಕೊಂದು ಸೈಟ್ ನಂಬರು.
"ಇಲ್ಲೇ ಅಲ್ವಾ ನೀನು ಕಣಜ ಕಚ್ಚಿಸಿಕೊಂಡಿದ್ದು?"
ಎಡಗಣ್ಣು ತಾನಾಗಿಯೇ ಮಿಟುಕಿತು.
ಕಾಫಿ ವಿಪರೀತ ಸಿಹಿ, ಪೂರ್ತಿ ಕುಡಿದೆ.

ಬಾವಿ ನೋಡಬೇಕೆಂದೆ.
ಸೋರೆಬುರುಡೆ ಸೊಂಟಕ್ಕೆ ಕಟ್ಟಿ
ನನ್ನನ್ನು ಅದರೊಳಗೆ ನೂಕಿದ್ದು ಚಿಕ್ಕಪ್ಪ.
ಮೂರನೆಯ ದಿನ, ಹೇಳದೆ, ಬುರುಡೆ ಬಿಚ್ಚಿದ್ದ.
ಬಿಚ್ಚಿದ್ದು ಗೊತ್ತಿಲ್ಲದೆ ನಾನು ತೇಲಿದ್ದೆ.
ಈಗ ಬಾವಿಗೆ ಕಬ್ಬಿಣದ ಜಾಲರಿ,
ಜಾಲರಿ ಮೇಲೆ ಯಾರದೋ ಮಗುವಿನ ಕಾಲುಚೀಲ ಒಣಗುತ್ತಿತ್ತು.
ಅಪ್ಪ ಕಾರಿನಿಂದ ಇಳಿಯಲಿಲ್ಲ.
ಹಾರನ್ ಒತ್ತಿದ, ಒಂದೇ ಸಲ, ಚಿಕ್ಕದಾಗಿ.

ಗುಡ್ಡಸಂದ್ರ ಪಟ್ಟಿಯಲ್ಲಿರಲಿಲ್ಲ.
ನೀಲಗಿರಿ ತೋಪಿನ ಬಳಿ ನಾನೇ ಎಡಕ್ಕೆ ಎಳೆದೆ.
ಅಪ್ಪ ಕಿಟಕಿಯ ಗಾಜು ಏರಿಸಿದ.

ಇಪ್ಪತ್ತು ಗುಂಟೆ, ಎರಡು ಕೋರ್ಟು, ಹನ್ನೊಂದು ವರ್ಷ.
ಒಂದೇ ಸಾವಿಗೆ ಹೋದರೂ ಅಣ್ಣತಮ್ಮ
ಹೆಣದ ಆಚೆಗೊಬ್ಬ, ಈಚೆಗೊಬ್ಬ.

ಚಿಕ್ಕಪ್ಪ ಡೈರಿಯ ಮುಂದೆ ಕ್ಯಾನು ತೊಳೆಯುತ್ತಿದ್ದ.
ಪಂಚೆಗೆ ಕೈ ಒರೆಸಿ ಪತ್ರಿಕೆ ತಗೊಂಡ.
ಕನ್ನಡಕವಿಲ್ಲ, ತೋಳುದ್ದ ದೂರ ಹಿಡಿದು
ವಧು, ವರ, ಮುಹೂರ್ತ, ಛತ್ರ ಎಲ್ಲ ಬಿಟ್ಟು
ಸೀದಾ ಕೆಳಗೆ ಬಂದ:
ಸುಖಾಗಮನ ಬಯಸುವವರು.
ಒಂದೊಂದೇ ಹೆಸರಿನ ಮೇಲೆ ಬೆರಳು,
ಒಂದೊಂದೇ ಹೆಸರಿನ ಮೇಲೆ ಕ್ಯಾನಿನ ನೀರು.

ಪ್ರೂಫಿನಲ್ಲಿ ಅಪ್ಪ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದ ಹೆಸರು.
ರಾತ್ರಿ ಪ್ರೆಸ್ಸಿಗೆ ಫೋನ್ ಮಾಡಿ ನಾನು ಮತ್ತೆ ಸೇರಿಸಿದ್ದೆ.
ಅಚ್ಚಾದದ್ದನ್ನು ಅಪ್ಪ ಓದಿದ್ದನೋ ಇಲ್ಲವೋ,
ನಾನು ಕೇಳಿಲ್ಲ.

"ಮುನಿಬೀರಪ್ಪ ಕಣಮ್ಮ ನಾನು.
ಬೀರಪ್ಪ. ವೀರಪ್ಪ ಅಂತ ಹಾಕ್ಸಿದ್ದೀಯ."
ಹಾಲಿನ ಲೆಕ್ಕದ ಪುಸ್ತಕಕ್ಕೆ ದಾರ ಕಟ್ಟಿದ್ದ ಪೆನ್ನು,
ದಾರ ಎಟುಕುವಷ್ಟಕ್ಕೆ ಬಗ್ಗಿ, ತಿದ್ದಿ,
ಜೇಬಿಗಿಟ್ಟುಕೊಂಡ.
ಉಳಿದ ಮುನ್ನೂರ ತೊಂಬತ್ತೇಳರಲ್ಲಿ
ಅವನು ಇನ್ನೂ ಬೇರೆ ಯಾರೋ.

ಕಾರಿನಲ್ಲಿ ಯಾರಿದ್ದಾರೆಂದು ಕೇಳಲಿಲ್ಲ.
ಅರ್ಧ ಚೀಲ ಅವರೆಕಾಯಿ ಡಿಕ್ಕಿಗಿಟ್ಟು,
ಏನನಿಸಿತೋ, ಮತ್ತೆ ಎತ್ತಿಕೊಂಡು
ಮುಂದಿನ ಬಾಗಿಲು ತೆಗೆದು
ಅಪ್ಪನ ಕಾಲಬಳಿ ಇಟ್ಟು, ಬಾಗಿಲು ಹಾಕಿದ.
"ಇವತ್ತೇ ಬಿಡಿಸ್ಕೊಳ್ಳಿ. ನಾಳೆಗೆ ಸೊಗಡು ಹೋಯ್ತದೆ."
ಚಕ್ರಕ್ಕೆ ಹೇಳಿದಂತಿತ್ತು.

ರಾಜಾನುಕುಂಟೆಯಲ್ಲಿ ರೈಲ್ವೆ ಗೇಟು ಬಿದ್ದಿತ್ತು.
ಗೂಡ್ಸ್ ಗಾಡಿ, ಮುಗಿಯುವುದೇ ಇಲ್ಲ.
ಅಪ್ಪ ಬಗ್ಗಿ ಚೀಲದ ಬಾಯಿ ಬಿಚ್ಚಿದ.
ಒಂದು ಕಾಯಿ ಮೂಸಿದ. ಬಿಡಿಸಿದ. ಇನ್ನೊಂದು.
ಕಾಳಿಗೆ ಪಾತ್ರೆಯಿಲ್ಲ,
ಹೆಸರಿನ ಪಟ್ಟಿಯನ್ನೇ ಪೊಟ್ಟಣ ಕಟ್ಟಿದ.
ಹೆಬ್ಬಾಳ ಬರುವಷ್ಟರಲ್ಲಿ ಸಿಪ್ಪೆ ಗೇರಿನ ಬುಡದವರೆಗೆ,
ನನ್ನ ಅರಿಶಿನದ ಬೆರಳಿಗೂ ಅದೇ ವಾಸನೆ.

"ಒಂದರಲ್ಲಿ ಹುಳ ಇದೆ," ಅಂದ.
ಗಾಜು ಇಳಿಸಿ ಮೆಲ್ಲಗೆ ಹೊರಗೆ ಬಿಟ್ಟ.
ಫ್ಲೈಓವರಿನ ಹೊಗೆಯೆಲ್ಲ ಒಳಬಂತು,
ಮತ್ತೆ ಏರಿಸಲಿಲ್ಲ.