ಇಪ್ಪತ್ತಮೂರನೆಯ ಕಿಂಡಿ

ಗೋಣಿಕೊಪ್ಪ, ಜನವರಿ, ಕಾಫಿ ಕ್ಯೂರಿಂಗ್ ಗೋದಾಮು.
ತೂಕದ ಯಂತ್ರ ಕಲ್ಲಾಗಿದೆ, ಬಿಲ್ಲು ಹುಟ್ಟುತ್ತಿಲ್ಲ,
ಗೇಟಿನಾಚೆ ಒಂಬತ್ತು ಲಾರಿ, ಒಬ್ಬನದೇ ಹಾರನ್.

ಸ್ವಿಚ್ಚಿನ ದೀಪಗಳಿಗೆ ಸನ್ನಿ ಹಿಡಿದಿತ್ತು:
‘ಯಾರಲ್ಲಿ?’ ಎಂದು ಹೊರಟ ಒಂದು ಕೂಗು
ಸುತ್ತಿ ಬಂದು ತನಗೇ ಎದುರಾಗಿ
ಎರಡಾಗಿ, ನಾಲ್ಕಾಗಿ, ಲೆಕ್ಕ ತಪ್ಪಿ
ಯಾರ ಮಾತೂ ಯಾರಿಗೂ ತಲುಪುತ್ತಿರಲಿಲ್ಲ.

ವಾಚ್‌ಮನ್ ಪೆಮ್ಮಯ್ಯ ಟೋಪಿ ತೆಗೆದ:
“ಗ್ರೇಡಿಂಗ್ ಶೆಡ್ಡಿಂದ ಬಂದ ವೈರು ಮೇಡಂ,
ತುದಿ ನೆಲದಲ್ಲಿ ಬಿದ್ದಿತ್ತು. ಕಿಂಡಿಯೂ ಖಾಲಿ ಇತ್ತು.
ಅನಾಥ ಬಿಡೋದು ಹೇಗೆ ಅಂತ ಸಿಕ್ಕಿಸಿದೆ.”

ಬೈಯಲಾಗಲಿಲ್ಲ.

ಹಿಂದಿನವನು ಆರಿಸಿಟ್ಟಿದ್ದ ಸ್ಪ್ಯಾನಿಂಗ್ ಟ್ರೀ ಹಚ್ಚಿದೆ.
ಪೆಟ್ಟಿಗೆಗಳು ತಂತಮ್ಮ ಸಂಖ್ಯೆ ಹೇಳಿಕೊಂಡವು.
ಎಲ್ಲಕ್ಕಿಂತ ಚಿಕ್ಕ ಸಂಖ್ಯೆಯದು, ಶೆಡ್ಡಿನಲ್ಲಿ
ಕಾಫಿ ಹೊಟ್ಟು ಮೆತ್ತಿದ ಮುದಿ ಸ್ವಿಚ್ಚು,
ಬೇರಾಯಿತು.
ಮೂವತ್ತು ಸೆಕೆಂಡು ಮೌನ:
ಆಲಿಸಿದವು, ಕಲಿತವು.
ಇಪ್ಪತ್ತಮೂರನೆಯ ಕಿಂಡಿಗೆ ಕಿತ್ತಳೆ ದೀಪ ಬಂತು,
ಗದ್ದೆಯ ಓಣಿಗೆ ತಡಮೆ ಇಟ್ಟ ಹಾಗೆ.

ಮೊದಲ ಲಾರಿ ತೂಕಕ್ಕೆ ಹತ್ತಿತು.
“ಹಾಗಾದ್ರೆ ಇದನ್ನ ಕಿತ್ತುಬಿಡಲಾ?”
ಬೇಡ, ಇರಲಿ.
ಮುಚ್ಚಿದೆ ಅಷ್ಟೆ, ಮಲಗಿಲ್ಲ.
ಇನ್ನೊಂದು ವೈರನ್ನು ಇಲಿ ಕಡಿದ ರಾತ್ರಿ
ಇದು ತಾನೇ ತೆರೆದುಕೊಳ್ಳುತ್ತದೆ.

ಪೆಮ್ಮಯ್ಯ ತುಸು ಹೊತ್ತು ಆ ದೀಪವನ್ನೇ ನೋಡಿದ.
ಬೀಡಿಕಟ್ಟಿನ ಕಾಗದ ಹರಿದು, ಬರೆದು, ವೈರಿಗೆ ಕಟ್ಟಿದ:
‘ಡ್ಯೂಟಿಯಲ್ಲಿದೆ. ಮುಟ್ಟಬೇಡಿ.’