ಠ ಅಲ್ಲ

ಹತ್ತನೇ ಕ್ಲಾಸಿನಲ್ಲಿ ನಾನದನ್ನು ಠ ಎಂದು ಓದಿದೆ.
ಹೊಟ್ಟೆಯೊಳಗಿನ ಚುಕ್ಕಿಯನ್ನು ಯಾರೋ ಅವಸರದಲ್ಲಿ
ಗೆರೆಯಾಗಿ ಎಳೆದುಬಿಟ್ಟ ಠ.
ಶೇಷಗಿರಿ ಮಾಸ್ಟ್ರು ಡಸ್ಟರಿನಿಂದ ಮೇಜಿಗೆ ಕುಟ್ಟಿ
"ಥೀಟಾ ಅದು, ಥೀಟಾ" ಅಂದರು. ಕ್ಲಾಸು ನಕ್ಕಿತು.
ಅಭಿಮುಖ ಬಾಹು, ವಿಕರ್ಣ.
ಯಾವುದಕ್ಕೆ ಅಭಿಮುಖ ಎಂದು ಕೇಳಲು
ಆಮೇಲೆ ಬಾಯಿ ಬರಲಿಲ್ಲ.

ನೂರಕ್ಕೆ ಮೂವತ್ತೊಂದು.
ಕಮ್ಮಿ ಬಿದ್ದ ಆ ನಾಲ್ಕನ್ನು
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಯಾರೂ ಕೇಳಲಿಲ್ಲ.
ಬ್ಲಾಕಿಗೆ ಇಷ್ಟು, ಟೆಂಪೊಗೆ ಇಷ್ಟು,
ಸಾಲದ ಕಾಲಮಿಗೆ ಕೆಂಪು ಶಾಯಿ.
ಕೂಡುವುದು, ಕಳೆಯುವುದು,
ಕರಗಿದ್ದನ್ನು ಕಳೆಯುವುದು.

ನೀರು ಏರದೆ ಬೋಟು ಅಳಿವೆ ದಾಟುವುದಿಲ್ಲ,
ಬೋಟು ಬಾರದೆ ಐಸು ಹೊರಡುವುದಿಲ್ಲ.
ಹಾಗಾಗಿ ದಕ್ಕೆಯ ಮೂರನೇ ಕಂಬಕ್ಕೆ
ಯಾರದ್ದೋ ಬೋಟಿಗೆ ಬಳಿದು ಉಳಿದ ನೀಲಿ ಪೇಂಟಿನಲ್ಲಿ
ಅರ್ಧರ್ಧ ಅಡಿಗೊಂದು ಗೆರೆ ಹೊಡೆಸಿದ್ದೆ.
ಹನ್ನೊಂದು ವರ್ಷ ರಿಜಿಸ್ಟರಿನ ಅಂಚಿನಲ್ಲಿ
ಗಂಟೆ, ಗೆರೆ. ಗಂಟೆ, ಗೆರೆ.
ಎಂತಕ್ಕೆ ಎಂದು ಕೇಳಿದರೆ
ಐಸಿನ ಸಲುವಾಗಿ ಎನ್ನುತ್ತಿದ್ದೆ.

ಬೋಟುಗಳೆಲ್ಲ ದಡಕ್ಕೆ ಹತ್ತಿ ಕೂತ ಆಟಿಯಲ್ಲಿ,
ಮಿಷನ್ನು ನಿಂತ ಒಂದು ಮಧ್ಯಾಹ್ನ,
ತಂಗಿಯ ಮಗಳ ಒಡಕು ಗಾಜಿನ ಟ್ಯಾಬಿಗೆ
ವಾರದ ಅಂಕಿಗಳನ್ನು ತುಂಬಿಸಿದೆ. ಸುಮ್ಮನೆ, ಹೊತ್ತು ಹೋಗಲಿಕ್ಕೆ.
ಚುಕ್ಕಿ. ಚುಕ್ಕಿ. ಚುಕ್ಕಿ.
ಎದ್ದವು, ಬಾಗಿದವು, ಮುಳುಗಿದವು,
ಪುನಃ ಎದ್ದವು.
ಮೂಲೆಯ ಖಾಲಿ ಚೌಕದಲ್ಲಿ 'ಸೈನ್' ಎಂದು ಒತ್ತಿದೆ,
ಇಪ್ಪತ್ತೆಂಟು ವರ್ಷದ ಹಿಂದಿನ ಪರಿಚಯದವರನ್ನು
ಸಿಟಿ ಬಸ್ಸಿನಲ್ಲಿ ಕಂಡು
ಹೌದೋ ಅಲ್ಲವೋ ಎಂದು ಅರ್ಧ ನಗುವ ಹಾಗೆ.

ಚುಕ್ಕಿಯಿಂದ ಚುಕ್ಕಿಗೆ ಗೆರೆ ನಡೆದು ಬಂತು.

ತ್ರಿಕೋನಕ್ಕೆ ಕಟ್ಟಿಹಾಕಿದ್ದ ಪ್ರಾಣಿ ಇದು.
ಹಗ್ಗ ಬಿಚ್ಚಿದರೆ ಈಜುತ್ತದೆಂದು
ನನಗೆ ಯಾರೂ ಹೇಳಿರಲಿಲ್ಲ.

ಈಗ ಶನಿವಾರ ಸಂಜೆ, ಐಸ್ ಪ್ಲಾಂಟಿನ ಬಿಳಿ ಗೋಡೆಯ ಮೇಲೆ
ಧಣಿಯ ಮಗನ ಮದುವೆಗೆಂದು ತಂದ ಪ್ರೊಜೆಕ್ಟರಿನ ಬೆಳಕು.
ಮೀನಿನ ಪೆಟ್ಟಿಗೆ ಮಗುಚಿ ಕೂತವರು ಒಂಬತ್ತು ಮಂದಿ.
ಪ್ರಾಪ್ತಿ ಮೆಂಡನ್, ಶಿಫಾನಾ,
ಮೂರನೇ ಸಲ ಸಪ್ಲಿಮೆಂಟರಿ ಕಟ್ಟಿದ ಯಕ್ಷಿತ್.
ಥೀಟಾ ಬರೆದಾಗ ಯಾರೋ ಹಿಂದಿನಿಂದ "ಠ" ಅಂದ.
ಹಾಗೇ ಕರೆಯಿರಿ ಅಂದೆ, ಅದಕ್ಕೇನೂ ಬೇಜಾರಿಲ್ಲ.
ಬೆರಳಿನಲ್ಲಿ ಒಂದು ಸ್ಲೈಡರ್ ದೂಡಿದರೆ ಅಲೆ ಎತ್ತರ,
ಇನ್ನೊಂದು ದೂಡಿದರೆ ಇಕ್ಕಟ್ಟು.
ನೂಕುನುಗ್ಗಲು ಮಾಡಿ ಎಲ್ಲರೂ ದೂಡಿದರು.

"ಇದು ಸರಿಯಾಗುವುದಿಲ್ಲ ಟೀಚರ್," ಶಿಫಾನಾ ಅಂದಳು.
"ಮಧ್ಯಾಹ್ನದ ಉಬ್ಬರ ಮೂರು ಗೆರೆ, ರಾತ್ರಿಯದ್ದು ಐದು.
ನಿಮ್ಮ ಅಲೆಗೆ ಎರಡೂ ಒಂದೇ."
ಟೀಚರ್ ಅನ್ನಬೇಡ ಮಾರಾಯ್ತಿ, ಅಂದೆ.
ಕಂಬವೇ ವಾಲಿದೆಯೋ ಏನೋ, ಅಂದೆ.
ಸ್ಲೈಡರುಗಳನ್ನು ಆಚೆ ಈಚೆ ಮಾಡಿ
ಬೆವರಿದೆ, ಐಸ್ ಪ್ಲಾಂಟಿನ ಒಳಗೆ.

ಯಕ್ಷಿತ್ ಕೂತಲ್ಲಿಂದಲೇ:
"ಇನ್ನೊಂದು ಅಲೆ ಕೂಡಿಸಿ ನೋಡುವನಾ?
ದಿನಕ್ಕೆ ಒಂದೇ ಸಲ ಏಳುವಂಥದ್ದು,
ಸೋಮಾರಿ, ನನ್ನ ಹಾಗೆ."

ನಡುವೆ ಒಂದು ಪ್ಲಸ್ ಹಾಕಿದೆ.
ಗೋಡೆಯ ಮೇಲಿನ ಗೆರೆ ಕುಂಟಿತು.
ಒಂದು ಹೆಜ್ಜೆ ಎತ್ತರ, ಒಂದು ಗಿಡ್ಡ,
ಕುಂಟುತ್ತ ಹೋಗಿ ಒಂದೊಂದೇ ಚುಕ್ಕಿಯನ್ನು ಮುಟ್ಟಿತು.
ಕಂಪ್ರೆಸರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.
ಜೀವಮಾನವಿಡೀ ಕೂಡಿಸಿದ್ದೇನೆ,
ಬ್ಲಾಕಿಗೆ ಬ್ಲಾಕು.
ಅಲೆಗೆ ಅಲೆಯನ್ನು ಕೂಡಿಸಬಹುದೆಂದು
ಯಾಕೆ ಹೊಳೆಯಲಿಲ್ಲ?

ಅಷ್ಟರಲ್ಲಿ ಬಾಗಿಲಿಗೆ ಒರಗಿ ತಾಂಡೇಲ ವಾಮನಣ್ಣ,
"ನಾಳೆ ಬೆಳಿಗ್ಗೆ ನಾಲ್ಕನೇ ಗೆರೆಗೆ ನೀರು ಎಷ್ಟೊತ್ತಿಗೆ?"
ಮಕ್ಕಳು ಗೋಡೆ ನೋಡಿ ಒಟ್ಟಿಗೇ ಕೂಗಿದರು:
"ನಾಲ್ಕೂ ಹತ್ತಕ್ಕೆ!"
ಅವರು ಹೊರಗೆ ತಲೆ ಹಾಕಿ
ಬೆರಳ ಗಂಟಿನ ಮೇಲೆ ತಿಥಿ ಎಣಿಸಿ
"ನಾಲ್ಕೂಕಾಲು ಆದೀತು" ಎಂದು ಹೋದರು.

ಬೆಳಿಗ್ಗೆ ಕಂಬಕ್ಕೆ ಟಾರ್ಚು ಹಿಡಿದು ನಿಂತೆ.
ನೀರು ನೀಲಿ ಗೆರೆಯನ್ನು ನೆಕ್ಕಿತು, ಬಿಟ್ಟಿತು,
ನೆಕ್ಕಿತು, ಬಿಟ್ಟಿತು,
ಮುಚ್ಚಿತು.
ನಾಲ್ಕೂ ಹದಿನೇಳು.
ವಾಮನಣ್ಣನದ್ದು ಎರಡು ನಿಮಿಷ ತಪ್ಪು,
ನಮ್ಮದು ಏಳು.
ಬರೆದುಕೊಂಡೆ, ಅಂಚಿನಲ್ಲಿ ಅಲ್ಲ,
ಸಾಲದ ಕಾಲಮಿನಲ್ಲಿ, ಕೆಂಪು ಶಾಯಿಯಲ್ಲಿ.